ಅನುದಾನದ ದಾರಿಯಲ್ಲಿ ಒಂದು ಹಗಲು

ಸಸ್ತಾಪುರ ಬಂಗ್ಲಾದಲ್ಲಿ ಇಳಿಯಿರಿ. ಬೆಳಿಗ್ಗೆ ಏಳರ ಹೊತ್ತು. ಸೋಲಾಪುರದ ಕಡೆಯಿಂದ ಬಂದ ಲಾರಿಯೊಂದು ನಿಮ್ಮ ಮಗ್ಗುಲಲ್ಲೇ ಏರ್‌ ಬ್ರೇಕಿನ ಉಸಿರು ಬಿಟ್ಟು ನಿಲ್ಲುತ್ತದೆ. ಚಾಲಕ ಇಳಿದು ಲುಂಗಿ ಬಿಗಿದುಕೊಂಡು, ಟೈರುಗಳಿಗೆ ಒಂದೊಂದು ಒದೆ ಕೊಟ್ಟು ನೋಡಿ, ಚಹಾದ ಅಂಗಡಿಗೆ ನಡೆಯುತ್ತಾನೆ. ಅಂಗಡಿಯ ಹುಡುಗ ಅವನ ಜೊತೆ ಉರ್ದು, ಪಕ್ಕದ ಹಾಲಿನವನ ಜೊತೆ ಮರಾಠಿ, ನಿಮ್ಮ ಜೊತೆ ಕನ್ನಡ ಆಡುತ್ತಾನೆ. "ಎಲ್ಲಿಗಿ ಹೊಂಟೀರಿ? ಊರಾಗ ಹೋಗ್ಬೇಕಂದ್ರ ಟಂಟಂ ಅದರಿ."

ಬಸವಕಲ್ಯಾಣ ಊರು ಇರುವುದು ಹೆದ್ದಾರಿ ಬಿಟ್ಟು ಕೆಲವು ಕಿಲೋಮೀಟರ್ ಒಳಗೆ. ನೀವು ನಿಂತಿರುವುದು ರಾಷ್ಟ್ರೀಯ ಹೆದ್ದಾರಿ 65ರ ಮೇಲೆ. ಪುಣೆಯಲ್ಲಿ ಹೊರಟ ಈ ರಸ್ತೆ ಸೋಲಾಪುರ, ಉಮರ್ಗಾ ದಾಟಿ, ಕರ್ನಾಟಕದ ಈ ಮೂಲೆಯನ್ನು ಹಾಯ್ದು, ಜಹೀರಾಬಾದ್, ಹೈದರಾಬಾದ್, ವಿಜಯವಾಡದ ಮೇಲೆ ಮಚಲೀಪಟ್ಟಣದ ಸಮುದ್ರ ಮುಟ್ಟುತ್ತದೆ. ಮಹಾರಾಷ್ಟ್ರದ ಗಡಿಯಿಂದ ತೆಲಂಗಾಣದ ಸಂಗಾರೆಡ್ಡಿಯವರೆಗಿನ 145 ಕಿಲೋಮೀಟರ್ ಖಾಸಗಿ ಹೂಡಿಕೆ ಮತ್ತು ಟೋಲ್ ಲೆಕ್ಕದಲ್ಲಿ ಚತುಷ್ಪಥವಾಯಿತು. ರಸ್ತೆ ಚೆನ್ನಾಗಿದೆ. ಅದರ ಮೇಲೆ ಸರಕು ಓಡುತ್ತದೆ, ಹೈದರಾಬಾದಿಗೂ ಪುಣೆಗೂ ಕೆಲಸ ಹುಡುಕಿ ಹೋಗುವ ಬೀದರ್ ಜಿಲ್ಲೆಯ ಹುಡುಗರೂ ಓಡುತ್ತಾರೆ.

ರಸ್ತೆಯ ಅಂಚಿಗೆ ಸರಿಯಿರಿ. ಬಸವಕಲ್ಯಾಣ ಅಂದರೆ ಓದಿದವರಿಗೆ ಶರಣರು ನೆನಪಾಗುತ್ತಾರೆ. ಲಾರಿ ಇಟ್ಟುಕೊಂಡವರಿಗೆ ಗ್ಯಾರೇಜುಗಳು ನೆನಪಾಗುತ್ತವೆ. ಕಮಾನು ಪಟ್ಟಿ ಬಡಿಯುವ ಸದ್ದು, ವೆಲ್ಡಿಂಗಿನ ನೀಲಿ ಕಿಡಿ, ಅರ್ಧ ಬಣ್ಣ ಬಳಿದ ಬಾಡಿ, ಹಳೆ ಲಾರಿಯಿಂದ ಬಿಚ್ಚಿಟ್ಟ ಎಂಜಿನ್ನುಗಳ ಸಾಲು. ಹದಿನೆಂಟರ ಆಸುಪಾಸಿನ ಹುಡುಗನೊಬ್ಬ ಹರಕು ಚೀಲ ಹಾಸಿಕೊಂಡು ಚಾಸಿಯ ಕೆಳಗೆ ನುಸುಳಿದ್ದಾನೆ. ಅವನು ನಟ್ಟು ಸಡಿಲಿಸುತ್ತಿದ್ದಂತೆ ಗೇರ್‌ಬಾಕ್ಸಿನ ಹಳೆ ಎಣ್ಣೆ ಜೇನಿನ ಹಾಗೆ ನಿಧಾನವಾಗಿ ತಗಡಿನ ತಟ್ಟೆಗೆ ಇಳಿಯುತ್ತದೆ. ತಟ್ಟೆ ತುಂಬಿ ಅಂಚು ದಾಟುತ್ತದೆ. ಎರಿ ಮಣ್ಣು ಅದನ್ನು ಕುಡಿಯುತ್ತದೆ. ಹುಡುಗ ಅಂಗೈಯಿಂದ ಒಂದಿಷ್ಟು ಮಣ್ಣು ಎಳೆದು ಒದ್ದೆಯ ಮೇಲೆ ಉದುರಿಸುತ್ತಾನೆ. ಅವನ ಕೈಗೆ ಅದು ದಿನದ ಅಭ್ಯಾಸ.

ಅವನ ಕೈಯಲ್ಲಿ ಕಸುಬಿದೆ, ಮೇಸ್ತ್ರಿಯ ಹತ್ತಿರ ಗಿರಾಕಿಗಳಿದ್ದಾರೆ, ಎದುರಿಗೆ ಹೆದ್ದಾರಿಯಿದೆ. ಇಲ್ಲಿ ಉದ್ಯೋಗ ಆಗಲೇ ಇದೆ, ಅದನ್ನು ಯಾರೂ ಹೊಸದಾಗಿ ತರಬೇಕಿಲ್ಲ. ಬೇಕಿರುವುದು ಗಟ್ಟಿ ನೆಲ, ಎಣ್ಣೆ ಹಿಡಿಯುವ ಗುಂಡಿ, ತಡೆಯಿಲ್ಲದ ತ್ರೀ ಫೇಸ್ ಕರೆಂಟು, ಶೌಚಾಲಯ, ರಾತ್ರಿ ಲಾರಿ ನಿಲ್ಲಿಸಿ ಚಾಲಕ ಮಲಗಲು ಒಂದು ಜಾಗ. ಇಂಥ ಕೆಲಸಕ್ಕೆಂದೇ ರಾಜ್ಯದಲ್ಲಿ ದೇವರಾಜ ಅರಸು ಹೆಸರಿನ ಟ್ರಕ್ ಟರ್ಮಿನಲ್ ನಿಗಮವಿದೆ. 2021ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ ವಾಹನ ಗುಜರಿ ನೀತಿ ಪ್ರಕಟಿಸಿದ ಮೇಲೆ ಹಳೆ ವಾಹನ ಒಡೆಯುವ ಕೆಲಸ ನೋಂದಾಯಿತ ಕೇಂದ್ರಗಳ ಕಡೆಗೆ ಸರಿಯುತ್ತಿದೆ. ಅಂಥ ಕೇಂದ್ರ ಕಟ್ಟುವ ಬಂಡವಾಳ ಹೆದ್ದಾರಿ ಬದಿಯ ಮೇಸ್ತ್ರಿಗೆ ಎಲ್ಲಿಂದ ಬರಬೇಕು? ಸರ್ಕಾರದ ದುಡ್ಡಿನಲ್ಲಿ ಒಂದು ಸಾಮೂಹಿಕ ಅಂಗಳ ಆದರೆ ಈ ಕಸುಬು ಇದೇ ಊರಲ್ಲಿ ಉಳಿಯುತ್ತದೆ. ಆಗದಿದ್ದರೆ ಅದು ದೊಡ್ಡ ಬಂಡವಾಳ ಇರುವ ಊರಿಗೆ ಹೋಗುತ್ತದೆ, ಹಿಂದೆಯೇ ಈ ಹುಡುಗನೂ ಹೋಗುತ್ತಾನೆ.

ಟಂಟಂ ಹತ್ತಿ. ಆರು ಜನರ ಆಸನದಲ್ಲಿ ಹತ್ತು ಜನ. ಮೊಣಕಾಲಿನ ಮೇಲೆ ತೊಗರಿಬೇಳೆಯ ಚೀಲ, ಚೀಲದ ಮೇಲೆ ಯಾರದೋ ಮಗು. ದಾರಿಯ ಎರಡೂ ಕಡೆ ಕಲ್ಲು ನೆಟ್ಟ ಪ್ಲಾಟುಗಳು, ಬಣ್ಣದ ಕಮಾನುಗಳು, ಲೇಔಟಿನ ಫಲಕಗಳು. ಊರು ಹೆದ್ದಾರಿಯ ಕಡೆಗೆ ಕೈ ಚಾಚಿದೆ. "ಪ್ಲಾಟ್ ಎನ್.ಎ. ಆಗ್ಯದೇನ್ರಿ?" ಇದು ಈ ಭಾಗದಲ್ಲಿ ಜಾಗ ಕೊಳ್ಳುವವರ ಮೊದಲ ಪ್ರಶ್ನೆ. ಹೊಲದ ಜಮೀನು ಕೃಷಿಯೇತರ ಆಗಿದೆಯೇ ಎಂದು ಎಲ್ಲರೂ ಕೇಳುತ್ತಾರೆ. ನೀರಿನ ಕೊಳವೆ ಎಲ್ಲಿಯವರೆಗೆ ಬಂದಿದೆ, ಚರಂಡಿ ಯಾವ ಕಡೆಗೆ ಇಳಿಯುತ್ತದೆ ಎಂಬುದನ್ನು ಗೃಹಪ್ರವೇಶ ಆದ ಮೇಲೆ ಕೇಳುತ್ತಾರೆ.

ಈಗ ಊರೊಳಗೆ ಬನ್ನಿ. 2011ರ ಜನಗಣತಿಯಲ್ಲಿ ಸುಮಾರು 70 ಸಾವಿರ ಜನ ಇದ್ದ ನಗರಸಭೆ ಇದು. ಹನ್ನೊಂದನೇ ಶತಮಾನದಲ್ಲಿ ಚಾಲುಕ್ಯ ದೊರೆ ಒಂದನೇ ಸೋಮೇಶ್ವರ ಮಾನ್ಯಖೇಟದಿಂದ ರಾಜಧಾನಿಯನ್ನು ಇಲ್ಲಿಗೆ ತಂದ. ಆರನೇ ವಿಕ್ರಮಾದಿತ್ಯ 1076ರಿಂದ ಐವತ್ತು ವರ್ಷ ಇಲ್ಲಿಂದಲೇ ಆಳಿದ. ಆಮೇಲೆ ಕಲಚುರಿ ಬಿಜ್ಜಳ, ಅವನ ಭಂಡಾರಿಯಾಗಿ ಬಸವಣ್ಣ. ರಾಜ್ಯದ ಬೊಕ್ಕಸ ಶರಣರ ಪಾಲಾಗುತ್ತಿದೆ ಎಂದು ಚಾಡಿ ಹೋದಾಗ ಬಿಜ್ಜಳ ಲೆಕ್ಕ ತೆಗೆಸಿ ನೋಡಿದನೆಂದೂ, ಒಂದು ಕಾಸೂ ಕಡಿಮೆ ಬರಲಿಲ್ಲವೆಂದೂ ಐತಿಹ್ಯ. ಸಾರ್ವಜನಿಕ ಹಣದ ಲೆಕ್ಕ ಕೇಳುವುದು, ಲೆಕ್ಕ ಒಪ್ಪಿಸುವುದು ಕಲ್ಯಾಣದ ಮಣ್ಣಿನಲ್ಲಿ ಸುಮಾರು ಒಂಬತ್ತು ಶತಮಾನಗಳಿಂದ ಹೇಳಿಕೊಂಡು ಬಂದ ಕಥೆ.

ತ್ರಿಪುರಾಂತ ಕೆರೆಯ ದಂಡೆಗೆ ನಡೆಯಿರಿ. ಅಲ್ಲಿ ಹೊಸ ಅನುಭವ ಮಂಟಪ ಏಳುತ್ತಿದೆ. ಗೊ.ರು. ಚನ್ನಬಸಪ್ಪನವರ ನೇತೃತ್ವದ ಸಮಿತಿ ಇದರ ರೂಪುರೇಷೆ ಕೊಟ್ಟಿತು. 2021ರ ಜನವರಿ 6ರಂದು ಆಗಿನ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ಅಡಿಗಲ್ಲು ಹಾಕಿದರು. ಆಗ ಹೇಳಿದ ಅಂದಾಜು 500 ಕೋಟಿ ರೂಪಾಯಿ, ಏಳೂವರೆ ಎಕರೆಯಲ್ಲಿ 182 ಅಡಿ ಎತ್ತರ, 770 ಅಮರಗಣಂಗಳ ಲೆಕ್ಕಕ್ಕೆ 770 ಕಂಬ. ಕಾಮಗಾರಿಯ ಹೊಣೆ 2005ರ ಕಾಯ್ದೆಯಿಂದ ಹುಟ್ಟಿದ ಬಸವಕಲ್ಯಾಣ ಅಭಿವೃದ್ಧಿ ಮಂಡಳಿಯದು. ಕಬ್ಬಿಣದ ಸರಳುಗಳ ಕಾಡಿನ ಮುಂದೆ ನಿಂತು ತಲೆ ಎತ್ತಿ ನೋಡುವಾಗ ಎದೆ ತುಂಬುತ್ತದೆ. ಈ ಊರಿಗೆ ಇಷ್ಟು ದೊಡ್ಡ ಸರ್ಕಾರಿ ಹಣ ಒಂದೇ ಕಟ್ಟಡಕ್ಕೆ ಬಂದದ್ದು ನನ್ನ ಮಟ್ಟಿಗೆ ಸಂತೋಷದ ಮಾತು. ಬರಲೇಬೇಕಿತ್ತು, ತಡವಾಗಿಯಾದರೂ ಬಂತು.

ಆದರೆ ಕೆರೆಯ ದಂಡೆಯಿಂದ ನೀವು ಪರುಷಕಟ್ಟೆಗೆ, ಅಕ್ಕನಾಗಮ್ಮನ ಗವಿಗೆ, ನೂಲಿ ಚಂದಯ್ಯನ ಗವಿಗೆ, ಚಾಲುಕ್ಯರ ಕೋಟೆಗೆ, ಅಲ್ಲಿಂದ ರಾಜಾ ಬಾಗ್ ಸವಾರ್ ದರ್ಗಾಕ್ಕೆ ನಡೆದು ನೋಡಿ. ಎಲ್ಲೆಲ್ಲಿ ನೆರಳಿದೆ, ಎಲ್ಲೆಲ್ಲಿ ಕುಡಿಯುವ ನೀರಿದೆ, ಹೆಣ್ಣುಮಕ್ಕಳಿಗೆ ಶೌಚಾಲಯ ಎಲ್ಲಿದೆ ಎಂದು ಹುಡುಕುತ್ತಾ ನಡೆಯಿರಿ. ಮಂಟಪ ನೋಡಲು ಬಂದವರು ಒಂದು ರಾತ್ರಿ ಇಲ್ಲಿ ತಂಗಿದರೆ ಮಾತ್ರ ಖಾನಾವಳಿಯವಳಿಗೆ, ಟಂಟಂ ಓಡಿಸುವವನಿಗೆ, ಹೂ ಮಾರುವವಳಿಗೆ ದುಡಿಮೆ. ಸಂಜೆಯೇ ಕಲಬುರಗಿಗೋ ಹೈದರಾಬಾದಿಗೋ ಹೊರಟುಬಿಟ್ಟರೆ ಊರಿಗೆ ಉಳಿಯುವುದು ಕಸ. ಬಸವಕಲ್ಯಾಣಕ್ಕೆ ರೈಲಿಲ್ಲ. ಬರುವವರೆಲ್ಲ ರಸ್ತೆಯ ಮೇಲೆಯೇ ಬರಬೇಕು.

ಊರಿನ ಅಂಚಿನ ಹೊಸ ಬಡಾವಣೆಯೊಂದಕ್ಕೆ ತಿರುಗೋಣ. ಇಲ್ಲಿ ನಾನು ನಿಮ್ಮನ್ನು ಸ್ವಲ್ಪ ಹೊತ್ತು ನಿಲ್ಲಿಸುತ್ತೇನೆ. ಕಾಲ ಕೆಳಗೆ ಸಿಸಿ ರಸ್ತೆ. ಸಿಮೆಂಟ್ ಇನ್ನೂ ಬಿಳಿಚಿಕೊಂಡಿದೆ. ಮೇಲೆ ಕಸಬರಿಗೆ ಎಳೆದ ಗೆರೆಗಳು ಸವೆದಿಲ್ಲ. ಒಂದು ಮೂಲೆಯಲ್ಲಿ ಹಸಿ ಇದ್ದಾಗ ಓಡಿದ ನಾಯಿಯ ಹೆಜ್ಜೆ ಒಣಗಿ ನಿಂತಿದೆ. ಮೂವತ್ತು ಹೆಜ್ಜೆ ಮುಂದೆ ರಸ್ತೆಯನ್ನು ಅಡ್ಡಕ್ಕೆ ಕೊಯ್ದಿದ್ದಾರೆ. ಒಂದೂವರೆ ಅಡಿ ಅಗಲದ ಗಾಯ, ಎರಡೂ ಕಡೆ ಒಡೆದ ಜಲ್ಲಿ, ಒಳಗೆ ಕಪ್ಪು ಪೈಪು, ಪೈಪಿನ ಮೇಲೆ ಸಡಿಲು ಮಣ್ಣು. ಬೈಕಿನವನು ವೇಗ ತಗ್ಗಿಸಿ ಕಾಲು ಊರಿ ದಾಟುತ್ತಾನೆ. ತಲೆಯ ಮೇಲೆ ಕೊಡ ಹೊತ್ತ ಅಜ್ಜಿ ಸೆರಗು ಎತ್ತಿಕೊಂಡು, ಮೊದಲು ಒಂದು ಕಾಲು, ಆಮೇಲೆ ಇನ್ನೊಂದು. ಮಳೆಗಾಲದಲ್ಲಿ ಈ ಮಣ್ಣು ಕುಸಿಯುತ್ತದೆ, ಆಗ ರಿಪೇರಿಗೆ ಮತ್ತೊಂದು ಎಸ್ಟಿಮೇಟ್.

ಇಲ್ಲಿ ಯಾರೂ ಕದ್ದಿಲ್ಲ ಎಂದೇ ಇಟ್ಟುಕೊಳ್ಳಿ. ರಸ್ತೆ ಒಂದು ಅನುದಾನದಿಂದ ಬಂತು, ಪೈಪು ಇನ್ನೊಂದರಿಂದ. ರಸ್ತೆಯ ಹಣ ಮಾರ್ಚ್ ಮುಗಿಯುವುದರೊಳಗೆ ಖರ್ಚಾಗಬೇಕಿತ್ತು. ಪೈಪಿನ ಟೆಂಡರ್ ಆಮೇಲೆ ಆಯಿತು. ಎರಡು ಇಲಾಖೆ, ಇಬ್ಬರು ಗುತ್ತಿಗೆದಾರರು, ಎರಡು ಬಿಲ್. ಎರಡೂ ಕಡತದಲ್ಲಿ "ಕಾಮಗಾರಿ ಪೂರ್ಣ" ಎಂದು ಬರೆದಿರುತ್ತದೆ, ಬರೆದದ್ದು ನಿಜವೂ ಆಗಿರುತ್ತದೆ. ಆದರೂ ಅಜ್ಜಿ ಸೆರಗು ಎತ್ತಿಕೊಂಡು ದಾಟಬೇಕು. ರಾಜ್ಯದ ಯಾವ ತಾಲ್ಲೂಕಿಗೆ ಹೋದರೂ ಇಂಥ ಗಾಯ ನೋಡಬಹುದು. ನಾನು ಇಲ್ಲಿ ನಿಲ್ಲಿಸಿದ್ದಕ್ಕೆ ಕಾರಣ, ಈ ಸೀಮೆಗೆ ದುಡ್ಡು ಬಂದ ದಾರಿ ಬಹಳ ದೀರ್ಘ, ಬಹಳ ಹೋರಾಟದ್ದು.

ಆ ದಾರಿ ಹೀಗಿದೆ. ಪ್ರೊ. ಡಿ.ಎಂ. ನಂಜುಂಡಪ್ಪ ಸಮಿತಿ 2002ರ ಜೂನಿನಲ್ಲಿ ವರದಿ ಕೊಟ್ಟಾಗ ರಾಜ್ಯದ 114 ತಾಲ್ಲೂಕುಗಳನ್ನು ಹಿಂದುಳಿದವು ಎಂದು ಗುರುತಿಸಿತು. ಅವುಗಳಲ್ಲಿ 39 ಅತ್ಯಂತ ಹಿಂದುಳಿದವು, ಆ 39ರಲ್ಲಿ 21 ನಮ್ಮ ಈ ಭಾಗದವು. ಬಸವಕಲ್ಯಾಣ, ಹುಮನಾಬಾದ್ ಎರಡೂ ಹಿಂದುಳಿದ ಪಟ್ಟಿಯಲ್ಲಿದ್ದವು. ಅಂತರ ತುಂಬಲು ಎಂಟು ವರ್ಷಗಳಲ್ಲಿ 31 ಸಾವಿರ ಕೋಟಿ ಬೇಕು ಎಂದು ಸಮಿತಿ ಲೆಕ್ಕ ಹಾಕಿತ್ತು. ಅದರ ಮುಂದೆ ಈ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ವಿಧಿಗಾಗಿ ನಡೆದ ಚಳವಳಿ, 2012ರಲ್ಲಿ ಸಂಸತ್ತು ಒಪ್ಪಿದ ತಿದ್ದುಪಡಿ, 2013ರಲ್ಲಿ ಪ್ರದೇಶಾಭಿವೃದ್ಧಿ ಮಂಡಳಿ. 2019ರ ಸೆಪ್ಟೆಂಬರ್ 17ರಂದು ಹೈದರಾಬಾದ್ ಕರ್ನಾಟಕ ಕಲ್ಯಾಣ ಕರ್ನಾಟಕವಾಯಿತು. ಈ ಊರಿನ ಹೆಸರೇ ಏಳು ಜಿಲ್ಲೆಗಳ ಹೆಸರಾಗಿದೆ. ಮಂಡಳಿಯ ವಾರ್ಷಿಕ ಅನುದಾನ 1,500 ಕೋಟಿಯಿಂದ 3,000 ಕೋಟಿಗೆ, ಈಚಿನ ಬಜೆಟ್ಟುಗಳಲ್ಲಿ 5,000 ಕೋಟಿಗೆ ಏರಿತು. ಹಂಚಿಕೆಗೆ ತಾಲ್ಲೂಕುಗಳ ಹಿಂದುಳಿದಿರುವಿಕೆ ಅಳೆದ ನಂಜುಂಡಪ್ಪನವರ ಸೂಚ್ಯಂಕವೇ ಆಧಾರ; ವಿಧಾನಸಭಾ ಕ್ಷೇತ್ರಗಳಿಗೆ ಮೈಕ್ರೋ ಯೋಜನೆ, ಇಡೀ ಪ್ರದೇಶಕ್ಕೆ ಮ್ಯಾಕ್ರೋ ಯೋಜನೆ.

ಹಣ ಬರಲಿಲ್ಲ ಎಂದು ಅಳುವ ಕಾಲ ಮುಗಿಯಿತು ಎಂದು ನಾನು ಹೇಳುವುದಿಲ್ಲ. ಎಪ್ಪತ್ತು ವರ್ಷದ ಬಾಕಿ ಹತ್ತು ವರ್ಷದಲ್ಲಿ ತೀರುವುದಿಲ್ಲ. ಆದರೆ ಈಗ ಕೇಳಬೇಕಾದ ಪ್ರಶ್ನೆ ಬೇರೆಯಾಗಿದೆ. ಒಂದು ಕ್ಷೇತ್ರದ ಕ್ರಿಯಾ ಯೋಜನೆ ಓದಿ ನೋಡಿ: ಇಂಥ ಗ್ರಾಮದಲ್ಲಿ ಸಿಸಿ ರಸ್ತೆ, ಇಂಥ ಓಣಿಯಲ್ಲಿ ಚರಂಡಿ, ಇಂಥಲ್ಲಿ ಸಮುದಾಯ ಭವನ, ಇಂಥಲ್ಲಿ ಶಾಲಾ ಕೊಠಡಿ. ಸಾಲು ಸಾಲು ಕಾಮಗಾರಿಗಳು. ಪ್ರತಿಯೊಂದೂ ಬೇಕಾದ್ದೇ. ಆದರೆ ಒಂದಕ್ಕೊಂದು ಕೊಂಡಿ ಹಾಕಿದವರಿಲ್ಲ. ರಸ್ತೆ, ನೀರು, ಒಳಚರಂಡಿ, ವಿದ್ಯುತ್ತು, ಬಸ್ಸು ಒಂದೇ ಜಾಗಕ್ಕೆ, ಸರಿಯಾದ ಕ್ರಮದಲ್ಲಿ, ಹೆಚ್ಚೂಕಡಿಮೆ ಒಂದೇ ಕಾಲಕ್ಕೆ ಬಂದಾಗ ಮಾತ್ರ ಅಲ್ಲಿ ಮನೆ ಏಳುತ್ತದೆ, ಅಂಗಡಿ ತೆರೆಯುತ್ತದೆ.

ಬ್ರಿಟನ್ನಿನಲ್ಲಿ 2016ರ ಕೊನೆಗೆ ವಸತಿ ಮೂಲಸೌಕರ್ಯಕ್ಕೆಂದೇ 2.3 ಬಿಲಿಯನ್ ಪೌಂಡ್‌ಗಳ ನಿಧಿಯೊಂದನ್ನು ಘೋಷಿಸಿದರು. ಸ್ಥಳೀಯ ಆಡಳಿತಗಳು ಅದಕ್ಕೆ ಅರ್ಜಿ ಹಾಕುವಾಗ ಒಂದು ಲೆಕ್ಕ ತೋರಿಸಬೇಕಿತ್ತು: ಈ ಸೇತುವೆ, ಈ ನೀರಿನ ಮಾರ್ಗ, ಈ ರಸ್ತೆ ಆದರೆ ಇಲ್ಲಿ ಇಷ್ಟು ಮನೆಗಳಿಗೆ ದಾರಿ ತೆರೆಯುತ್ತದೆ. ಅವರ ದುಡ್ಡು ನಮಗಿಲ್ಲ, ಅವರ ತೊಡಕುಗಳೂ ನಮಗೆ ಬೇಡ. ಆದರೆ ಆ ಪ್ರಶ್ನೆ ಕೇಳುವುದಕ್ಕೆ ಖರ್ಚಿಲ್ಲ. ಕಲಬುರಗಿಯಲ್ಲಿ ಕೂತ ಮಂಡಳಿ ಪ್ರತಿ ಕಾಮಗಾರಿಯ ಎದುರು ಅದನ್ನು ಕೇಳಬಹುದು: ಇದರಿಂದ ಯಾರಿಗೆ ಮನೆ ಕಟ್ಟಲು ಅನುಕೂಲ, ಎಷ್ಟು ಜನಕ್ಕೆ ದುಡಿಮೆ ಹತ್ತಿರ?

ಮಧ್ಯಾಹ್ನದ ಬಸ್ಸು ಹಿಡಿಯಿರಿ, ಹುಮನಾಬಾದಿಗೆ. ಕಲ್ಯಾಣ ಕರ್ನಾಟಕ ಸಾರಿಗೆಯ ಬಸ್ಸಿನಲ್ಲಿ ಹೆಣ್ಣುಮಕ್ಕಳೇ ಹೆಚ್ಚು. 2023ರ ಜೂನ್ 11ರಂದು ಹೆಣ್ಣುಮಕ್ಕಳ ಉಚಿತ ಪ್ರಯಾಣದ ಶಕ್ತಿ ಯೋಜನೆ ಶುರುವಾದ ಮೇಲೆ ಈ ದೃಶ್ಯ ಇಡೀ ರಾಜ್ಯದ್ದು. ಉಚಿತ ಟಿಕೆಟ್ಟೂ ಒಂದು ಮೂಲಸೌಕರ್ಯವೇ ಎಂದು ನಾನು ತಿಳಿದಿದ್ದೇನೆ. ಕೂಲಿಗೆ ಮೂವತ್ತು ಕಿಲೋಮೀಟರ್ ಹೋಗಿ ಬರುವವಳ ಕೈಯಲ್ಲಿ ಸಂಜೆಗೆ ಉಳಿಯುವ ದುಡ್ಡು ಅದರಿಂದ ಹೆಚ್ಚಾಗಿದೆ.

ಕಿಟಕಿಯ ಆಚೆ ತೊಗರಿ, ಸೋಯಾ, ನಡುವೆ ಕಬ್ಬು. ರಾಜೇಶ್ವರ ದಾಟುತ್ತದೆ. ಹೆದ್ದಾರಿ ಬದಿಯ ಊರೊಂದರಲ್ಲಿ ನಾವು ಇಳಿಯೋಣ, ಮುಂದಿನ ಬಸ್ಸಿಗೆ ಹೋದರಾಯಿತು. ಒಂದು ಮನೆಯ ಗೋಡೆ ಕಿಟಕಿಯ ಎತ್ತರಕ್ಕೆ ಬಂದು ನಿಂತಿದೆ. ಗೋಡೆಯ ನೆತ್ತಿಯ ಮೇಲೆ ಕಬ್ಬಿಣದ ಸರಳು ತುಕ್ಕು ಹಿಡಿದಿದೆ, ಅದಕ್ಕೆ ಬಟ್ಟೆ ಒಣಹಾಕಿದ್ದಾರೆ. ಪಕ್ಕದ ತಗಡಿನ ಜೋಪಡಿಯಿಂದ ಮನೆಯೊಡತಿ ಹೊರಗೆ ಬಂದು, "ಕುಂಡ್ರಿ" ಎನ್ನುತ್ತಾಳೆ. "ಬುನಾದಿದು ಬಿಲ್ ಬಂದದ್ರಿ. ಲಿಂಟಲ್‌ದು ಇನ್ನಾ ಬಂದಿಲ್ಲ. ಫೋಟೋ ಹೊಡಕೊಂಡು ಹೋಗ್ಯಾರ."

ಪ್ರಧಾನಮಂತ್ರಿ ಆವಾಸ್ ಗ್ರಾಮೀಣ ಯೋಜನೆಯಲ್ಲಿ ಬಯಲು ಸೀಮೆಯ ಮನೆಗೆ ಸಿಗುವುದು 1 ಲಕ್ಷ 20 ಸಾವಿರ ರೂಪಾಯಿ, ಅದರ ಜೊತೆಗೆ ಉದ್ಯೋಗ ಖಾತರಿಯ ಕೂಲಿ. ಹಣ ಹಂತ ಹಂತವಾಗಿ ಬರುತ್ತದೆ. ಪ್ರತಿ ಹಂತಕ್ಕೂ ಮನೆಯ ಮುಂದೆ ನಿಂತು ಜಿಪಿಎಸ್ ಫೋಟೋ. ಪಾರದರ್ಶಕತೆಗೆ ಇದು ಒಳ್ಳೆಯದೇ, ಮೊದಲಿನಂತೆ ಕಾಗದದ ಮೇಲಿನ ಮನೆಗೆ ಬಿಲ್ ಆಗುವುದಿಲ್ಲ. ಆದರೆ ಕಂತು ತಡವಾದಷ್ಟು ದಿನ ಮರಳು, ಸಿಮೆಂಟ್, ಗೌಂಡಿಯ ಕೂಲಿ ಎಲ್ಲ ಏರುತ್ತವೆ. ಅವಳ ಗಂಡ ಆ ಅಂತರ ತುಂಬಲು ಹೈದರಾಬಾದಿನಲ್ಲಿ ಇನ್ನೊಬ್ಬರ ಅಪಾರ್ಟ್‌ಮೆಂಟಿಗೆ ಇಟ್ಟಿಗೆ ಹೊರುತ್ತಿದ್ದಾನೆ. ತನ್ನ ಮನೆಯ ಗೋಡೆ ಮೇಲೆ ಹೋಗಬೇಕಾದರೆ ಅವನು ಊರು ಬಿಡಬೇಕು.

ನಲ್ಲಿ ಇದೆಯೇ ಎಂದು ಕೇಳಿ. ಇದೆ. ಬಾಗಿಲ ಪಕ್ಕದಲ್ಲೇ ಜಲಜೀವನ್ ಮಿಷನ್ನಿನ ಕೊಳವೆ ನಿಂತಿದೆ. ತಲೆಗೆ ದಿನಕ್ಕೆ 55 ಲೀಟರ್ ಕೊಡುವುದು ಆ ಯೋಜನೆಯ ಗುರಿ. "ನೀರ್ ಯಾವಾಗ್ ಬರ್ತಾವ?" ಅವಳು ನಗುತ್ತಾಳೆ. "ಕರೆಂಟ್ ಇದ್ದಾಗ ಬರ್ತಾವ್ರಿ, ಬ್ಯಾಸಗ್ಯಾಗ ಬೋರ್ ಬತ್ತಿದ್ರ ಇಲ್ಲ." ಕೊಳವೆ, ನಲ್ಲಿ, ಮೀಟರ್ ಎಲ್ಲ ಬಂದಿವೆ, ನೀರಿನ ಮೂಲ ಮಾತ್ರ ಹಳೆ ಬೋರ್‌ವೆಲ್ಲೇ. ಹದಿನೈದನೇ ಹಣಕಾಸು ಆಯೋಗ ಪಂಚಾಯಿತಿಗಳಿಗೆ ಕೊಟ್ಟ ಅನುದಾನದಲ್ಲಿ ನೂರಕ್ಕೆ 60ರಷ್ಟನ್ನು ನೀರು ಮತ್ತು ನೈರ್ಮಲ್ಯಕ್ಕೇ ಕಟ್ಟಿಹಾಕಿತು. ಕಟ್ಟಿಹಾಕಿದ್ದು ಸರಿ. ಆದರೆ ಬೋರ್ ಬತ್ತಿದ ಮೇಲೆ ಮೋಟರ್ ರಿಪೇರಿಗೆ ಸುರಿದ ಹಣ ನೀರನ್ನು ತರುವುದಿಲ್ಲ.

ಹುಮನಾಬಾದ್ ಬಂತು. ಬಸ್ ನಿಲ್ದಾಣದಲ್ಲಿ ಇಳಿದರೆ ನಾಲ್ಕೂ ದಿಕ್ಕಿನ ಬೋರ್ಡು: ಬೀದರ್, ಕಲಬುರಗಿ, ಹೈದರಾಬಾದ್, ಸೋಲಾಪುರ. ಹೆದ್ದಾರಿ 65ನ್ನು ಹೆದ್ದಾರಿ 50 ಇಲ್ಲೇ ಕತ್ತರಿಸುತ್ತದೆ. ವೀರಭದ್ರೇಶ್ವರನ ಊರು, ಪಕ್ಕದಲ್ಲಿ ಮಾಣಿಕಪ್ರಭುಗಳ ಮಾಣಿಕನಗರ. ಭೂಪಟ ನೋಡಿ ಉದ್ಯಮಕ್ಕೆ ಜಾಗ ಹುಡುಕುವವನು ಬೆರಳಿಟ್ಟರೆ ಇಲ್ಲೇ ಇಡಬೇಕು. ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ ಇಲ್ಲಿ ಕೈಗಾರಿಕಾ ಪ್ರದೇಶ ಮಾಡಿದೆ, ಔಷಧ ಮತ್ತು ರಾಸಾಯನಿಕ ಕಾರ್ಖಾನೆಗಳು ಬಂದಿವೆ. ಅಂದರೆ ಸರ್ಕಾರಿ ಹಣ ಹಾಕಿದ್ದಕ್ಕೆ ಕೆಲಸ ಹುಟ್ಟಿದ ಜಾಗ ಇದು.

ಅಲ್ಲಿಗೆ ಹೋಗುವ ರಸ್ತೆಯಲ್ಲಿ ಮೂಗಿಗೆ ಮೊದಲು ಸುದ್ದಿ ತಲುಪುತ್ತದೆ. ಕೊಳೆತ ಮೊಟ್ಟೆಗೂ ಸ್ಪಿರಿಟ್ಟಿಗೂ ನಡುವಿನ ಒಂದು ವಾಸನೆ, ಗಾಳಿ ತಿರುಗಿದಂತೆ ಬಂದು ಹೋಗುತ್ತದೆ. ಸುತ್ತಲಿನ ಹಳ್ಳಿಯವರು, ಮಾಣಿಕನಗರದವರು ಗಾಳಿ ಮತ್ತು ಬಾವಿಯ ನೀರು ಕೆಟ್ಟ ಬಗ್ಗೆ ಎಷ್ಟೋ ವರ್ಷಗಳಿಂದ ದೂರು ಕೊಡುತ್ತಾ ಬಂದಿದ್ದಾರೆ. ಒಳಗಿನ ರಸ್ತೆ ಒಬ್ಬರದು, ಹೊರಗಿನ ಹಳ್ಳ ಇನ್ನೊಬ್ಬರದು, ಮಾಲಿನ್ಯ ಅಳೆಯುವವರು ಮತ್ತೊಬ್ಬರು. ರಾಸಾಯನಿಕ ಘಟಕಗಳಿಗೆ ಪ್ಲಾಟ್ ಹಂಚುವ ಮೊದಲೇ ಸಾಮೂಹಿಕ ತ್ಯಾಜ್ಯ ಸಂಸ್ಕರಣೆ, ಅಳೆಯುವ ಯಂತ್ರ, ಹಳ್ಳಕ್ಕೆ ಕಾವಲು ಆಗಿರಬೇಕು. ಆ ಖರ್ಚನ್ನು ಉಳಿಸಿದರೆ ಅದು ಪಕ್ಕದ ಹೊಲದವನ ಬಾವಿಯ ಮೇಲೆ ಬೀಳುತ್ತದೆ. ಕೆಲಸ ಬೇಕೋ ಶುದ್ಧ ಗಾಳಿ ಬೇಕೋ ಎಂದು ಈ ಜನರನ್ನು ಕೇಳುವುದು ಅನ್ಯಾಯ. ಎರಡನ್ನೂ ಕೇಳುವ ಹಕ್ಕು ಅವರಿಗಿದೆ.

ಪಾಳಿ ಬಿಡುವ ಹೊತ್ತು. ಗೇಟಿನಿಂದ ಹುಡುಗರು ಹೊರಗೆ ಬರುತ್ತಾರೆ, ಕೆಲವರ ಕೈಯಲ್ಲಿ ಖಾಲಿ ಡಬ್ಬಿ, ಕೆಲವರ ಕಿವಿಯಲ್ಲಿ ಹಿಂದಿ ಹಾಡು. ಹೊರ ರಾಜ್ಯದವರಿದ್ದಾರೆ, ಚಿಟಗುಪ್ಪ ಕಡೆಯವರಿದ್ದಾರೆ. ಒಂದು ಗುಂಪಿನ ಜೊತೆ ನಡೆದರೆ ಅವರ ಕೋಣೆ ಸಿಗುತ್ತದೆ: ಹತ್ತು ಅಡಿಗೆ ಹತ್ತು, ಶೀಟಿನ ಸೂರು, ಗೋಡೆಗೆ ಮೊಳೆ, ಮೊಳೆಗೆ ಐದು ಜನರ ಬ್ಯಾಗು. ಹೊರಗೆ ನೀಲಿ ಡ್ರಮ್ಮು, ಡ್ರಮ್ಮಿಗೆ ಟ್ಯಾಂಕರ್ ನೀರು. ಬಾಡಿಗೆ ಹಂಚಿಕೊಂಡರೆ ಪರವಾಗಿಲ್ಲ, ಟ್ಯಾಂಕರ್ ದುಡ್ಡೇ ಚುಚ್ಚುತ್ತದೆ ಎನ್ನುತ್ತಾನೆ ಒಬ್ಬ. ಹೆಂಡತಿ ಮಗುವನ್ನು ಯಾಕೆ ಕರೆತಂದಿಲ್ಲ ಎಂದರೆ ಕೋಣೆಯ ಒಳಗೆ ಒಮ್ಮೆ ಕೈ ಬೀಸಿ ತೋರಿಸುತ್ತಾನೆ. ಕಾರ್ಖಾನೆಗೆ ಜಾಗ ಕೊಟ್ಟ ಯೋಜನೆಯಲ್ಲೇ ಕಾರ್ಮಿಕನ ಮನೆಗೂ ಜಾಗ ತೆಗೆದಿಡಬೇಕಿತ್ತು. ಸಂಬಳ ಇಲ್ಲಿ, ಸಂಸಾರ ಇನ್ನೆಲ್ಲೋ ಆದರೆ ದುಡಿದ ದುಡ್ಡು ಊರಿನ ಅಂಗಡಿಗೆ, ಶಾಲೆಗೆ, ಪುರಸಭೆಯ ತೆರಿಗೆಗೆ ಬರುವುದು ಹೇಗೆ?

ಈ ಪಟ್ಟಣಕ್ಕೆ ನೀರು ಕಾರಂಜಾ ಜಲಾಶಯದ್ದು. ಭಾಲ್ಕಿ ತಾಲ್ಲೂಕಿನ ಬ್ಯಾಲಹಳ್ಳಿಯ ಹತ್ತಿರ ಕಟ್ಟಿದ ಆ ಅಣೆಕಟ್ಟೆಗೆ ಹೊಲ ಬಿಟ್ಟುಕೊಟ್ಟ ಸಂತ್ರಸ್ತರು ಸರಿಯಾದ ಪರಿಹಾರ ಕೇಳಿ ಬೀದರಿನಲ್ಲಿ ವರ್ಷಗಟ್ಟಲೆ ಧರಣಿ ಕೂತರು. ಪೇಟೆಯ ನಲ್ಲಿ ತಿರುಗಿಸುವಾಗ ಅವರ ನೆನಪು ನಮಗಿರಬೇಕು. ಮೂಲಸೌಕರ್ಯದ ಖರ್ಚಿನಲ್ಲಿ ಜಮೀನು ಕಳೆದುಕೊಂಡವನ ಪಾಲು ಕೊನೆಗೆ ಉಳಿಯುವ ಬಾಕಿ ಆಗಬಾರದು, ಮೊದಲ ಬಿಲ್ ಅವನದೇ ಆಗಬೇಕು.

ಸಂಜೆಗೆ ಮುಂಚೆ ರೈಲು ನಿಲ್ದಾಣಕ್ಕೆ ಹೋಗಿ ಬನ್ನಿ. ಬೀದರ್–ಕಲಬುರಗಿ ಮಾರ್ಗ, 110 ಕಿಲೋಮೀಟರ್. ತೊಂಬತ್ತರ ದಶಕದ ಕೊನೆಯಲ್ಲಿ ಮಂಜೂರಾದದ್ದು, 2017ರ ಅಕ್ಟೋಬರ್ 29ರಂದು ಪ್ರಧಾನಿ ನರೇಂದ್ರ ಮೋದಿ ಬೀದರಿನಲ್ಲಿ ಉದ್ಘಾಟಿಸಿದರು. ಸುಮಾರು 370 ಕೋಟಿಯ ಅಂದಾಜು 1,542 ಕೋಟಿಗೆ ಮುಟ್ಟಿತ್ತು, ಅದರಲ್ಲಿ ರಾಜ್ಯವೂ ಪಾಲು ಹಾಕಿತು. ಇಪ್ಪತ್ತು ವರ್ಷ ತಡವಾದದ್ದಕ್ಕೆ ಬೆಲೆ ನಾಲ್ಕು ಪಟ್ಟು. ಆ ಇಪ್ಪತ್ತು ವರ್ಷದಲ್ಲಿ ವಿಕಾರಾಬಾದ್, ವಾಡಿ ಸುತ್ತಿ ಕಲಬುರಗಿಗೆ ಹೋದವರ ಹೊತ್ತಿನ ಲೆಕ್ಕ ಯಾವ ಕಡತದಲ್ಲೂ ಇಲ್ಲ. ಆದರೂ ರೈಲು ಬಂತು. ಡೆಮು ಗಾಡಿ ಮರಗುತ್ತಿಯ ಸುರಂಗ ಹಾಯ್ದು ಬಂದು ನಿಲ್ಲುತ್ತದೆ, ಕಾಲೇಜು ಮಕ್ಕಳು ಇಳಿಯುತ್ತಾರೆ, ಊರಿಗೆ ಹೋಗಲು ಆಟೋದವನ ಜೊತೆ ಚೌಕಾಸಿ ಶುರುವಾಗುತ್ತದೆ. ರೈಲಿನ ಹೊತ್ತಿಗೆ ಹೊಂದುವ ಬಸ್ಸೊಂದನ್ನು ಬಸವಕಲ್ಯಾಣದವರೆಗೆ ಓಡಿಸಿದರೆ, ರೈಲಿಲ್ಲದ ಆ ಊರಿಗೆ ಅರ್ಧ ರೈಲು ಬಂದ ಹಾಗೆ. ಇದಕ್ಕೆ ಕೋಟಿಗಳು ಬೇಡ, ಎರಡು ಕಚೇರಿಗಳು ಒಂದು ವೇಳಾಪಟ್ಟಿಯ ಮುಂದೆ ಕೂತರೆ ಸಾಕು.

ಬೀದರ್ ದಾರಿಯಲ್ಲಿ ಹಳ್ಳಿಖೇಡ (ಬಿ) ಸಿಗುತ್ತದೆ. ಅರವತ್ತರ ದಶಕದಲ್ಲಿ ರೈತರು ಷೇರು ಹಾಕಿ ಕಟ್ಟಿದ ಬೀದರ್ ಸಹಕಾರಿ ಸಕ್ಕರೆ ಕಾರ್ಖಾನೆ ಅಲ್ಲಿದೆ. ಸಾಲದ ಹೊರೆಯಲ್ಲಿ ಅದು ಹಂಗಾಮುಗಳನ್ನು ಕಳೆದುಕೊಂಡು ನಿಂತಿತು. ಕಬ್ಬು ಬೆಳೆದವನು ಈಗ ಬೇರೆ ಕಾರ್ಖಾನೆಯ ಗೇಟಿನಲ್ಲಿ ಸರದಿ ಕಾಯುತ್ತಾನೆ. ಹೊಸ ಕೈಗಾರಿಕೆ ಕರೆಯುವ ಸಮಾವೇಶಗಳಿಗೆ ಹಾಕುವ ಶ್ರಮದಲ್ಲಿ ಒಂದಂಶ ಇಂಥ ನಿಂತ ಯಂತ್ರಗಳಿಗೆ ಸಿಗಲಿ ಎಂಬುದು ನನ್ನ ಒತ್ತಾಯ.

ಇಷ್ಟರಲ್ಲಿ ಗಡಿಯಾಚೆ, ತೆಲಂಗಾಣದಲ್ಲಿ, ದೊಡ್ಡದೊಂದು ನಡೆಯುತ್ತಿದೆ. 2024ರ ಆಗಸ್ಟ್ 28ರಂದು ಕೇಂದ್ರ ಸಂಪುಟ ದೇಶದ 12 ಕೈಗಾರಿಕಾ ನಗರಗಳಿಗೆ ಒಪ್ಪಿಗೆ ಕೊಟ್ಟಿತು, ಅವುಗಳಲ್ಲಿ ಜಹೀರಾಬಾದ್ ಒಂದು: 3,245 ಎಕರೆ, 2,361 ಕೋಟಿ ರೂಪಾಯಿ. ಹುಮನಾಬಾದಿನಿಂದ ಹೆದ್ದಾರಿಯಲ್ಲಿ ಒಂದು ಗಂಟೆಯ ದಾರಿ. ಆ ಯೋಜನೆಯ ನೆಲ ನ್ಯಾಲಕಲ್, ಝರಾಸಂಗಮ ಮಂಡಲಗಳಲ್ಲಿದೆ. 1956ರ ರಾಜ್ಯ ಪುನರ್ವಿಂಗಡಣೆಯ ತನಕ ನ್ಯಾಲಕಲ್ ಬೀದರ್ ತಾಲ್ಲೂಕಿನದೇ ಹೋಬಳಿ, ಜಹೀರಾಬಾದ್ ಬೀದರ್ ಜಿಲ್ಲೆಯದೇ ತಾಲ್ಲೂಕು. ಅಲ್ಲಿ ಇಂದಿಗೂ ಕನ್ನಡ ಮಾತಾಡುವ ಮನೆಗಳಿವೆ, ಇಲ್ಲಿಂದ ಅಲ್ಲಿಗೆ ಹೆಣ್ಣು ಕೊಟ್ಟು ತಂದ ಸಂಬಂಧಗಳಿವೆ.

ಅಲ್ಲಿ ಕಾರ್ಖಾನೆಗಳು ತೆರೆದಾಗ ನಮ್ಮ ಹುಡುಗ ಹುಡುಗಿಯರು ಅಲ್ಲಿಗೇ ಹೋಗಿ ಶೀಟಿನ ಕೋಣೆ ಹಿಡಿಯಬಹುದು. ಇಲ್ಲವೇ ಹುಮನಾಬಾದ್, ಚಿಟಗುಪ್ಪ, ಮನ್ನಾಏಖೇಳಿಯ ಸ್ವಂತ ಮನೆಯಿಂದ ಬೆಳಿಗ್ಗೆ ಹೊರಟು ರಾತ್ರಿ ಉಣ್ಣುವ ಹೊತ್ತಿಗೆ ಮರಳಬಹುದು. 371(ಜೆ) ನಮ್ಮ ಭಾಗದ ಸರ್ಕಾರಿ ನೌಕರಿಗಳಲ್ಲಿ ನೂರಕ್ಕೆ 75ರಿಂದ 85ರಷ್ಟನ್ನು ಸ್ಥಳೀಯರಿಗೆ ತೆಗೆದಿಟ್ಟಿದೆ, ಆದರೆ ಗಡಿಯಾಚೆಯ ಖಾಸಗಿ ಗೇಟಿಗೆ ಆ ಕಾಗದ ನಡೆಯುವುದಿಲ್ಲ. ಅಲ್ಲಿ ನಡೆಯುವುದು ಐಟಿಐ ಕಲಿಕೆ ಮತ್ತು ಹೊತ್ತಿಗೆ ಸರಿಯಾಗಿ ತಲುಪುವ ಬಸ್ಸು. ಬರುವ ವರ್ಷದ ಕ್ರಿಯಾ ಯೋಜನೆಗೆ ಕಲಬುರಗಿಯ ಮಂಡಳಿ ಹೆದ್ದಾರಿ ಆಸುಪಾಸಿನ ಈ ಮೂರು ಊರುಗಳನ್ನು ಒಟ್ಟಿಗೆ ಬರೆಯಲಿ: ಮೊದಲು ಕಾರಂಜಾದ ನೀರಿನ ಮಾರ್ಗ, ಆಮೇಲೆ ಒಳಚರಂಡಿ, ಅದರ ಮೇಲೆ ರಸ್ತೆ, ರಸ್ತೆಯ ಎರಡೂ ಕಡೆ ಕಂತು ತಡೆಯದ ಮನೆಗಳು. ಮತ್ತು ಎರಡು ರಾಜ್ಯಗಳ ಸಾರಿಗೆ ಅಧಿಕಾರಿಗಳು ಕೂತು ಮಾಡುವ ಒಂದು ಒಪ್ಪಂದ, ಬೆಳಗಿನ ಮೊದಲ ಪಾಳಿಗೆ ಮುಟ್ಟುವಂತೆ ಆರು ಗಂಟೆಗೆ ಹುಮನಾಬಾದಿನಿಂದ ಬಿಡುವ ಬಸ್ಸಿಗಾಗಿ.